ಕ್ಯಾಂಪಸ್ಸಿನಲ್ಲಿ ಯಹೂದಿ ಪಾಠಕ್ಕೆ ಕೂರುವುದು ಹೇಗೆ: ಮೊದಲು ಜೊತೆ ಹುಡುಕಿ, ಪುಸ್ತಕ ಆಮೇಲೆ

ಇಬ್ಬರು ಒಂದೇ ಬಟ್ಟೆಯ ಎರಡು ತುದಿ ಹಿಡಿದುಕೊಂಡು ಬಂದಿದ್ದಾರೆ. "ಇದು ನನಗೆ ಸಿಕ್ಕಿದ್ದು" ಅಂತ ಒಬ್ಬ. "ಇಲ್ಲ, ನನಗೆ ಸಿಕ್ಕಿದ್ದು" ಅಂತ ಇನ್ನೊಬ್ಬ. "ಪೂರ್ತಿ ನನ್ನದೇ" ಅಂತ ಇಬ್ಬರೂ. ಸಾಕ್ಷಿ ಯಾರೂ ಇಲ್ಲ. ಹೇಗೆ ತೀರ್ಮಾನ ಮಾಡುತ್ತೀರಿ?

ಅಮೆರಿಕದಲ್ಲಿ ಎಂ.ಎಸ್. ಓದುತ್ತಿದ್ದಾಗ ನನ್ನ ಲ್ಯಾಬಿನ ಗೆಳೆಯ ಒಂದು ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟು ಈ ಪ್ರಶ್ನೆ ಕೇಳಿದ. ನಾನು ಅರ್ಧ ಅರ್ಧ ಹಂಚಬೇಕು ಅಂದೆ. ಸರಿ, ಒಬ್ಬ ಪೂರ್ತಿ ನನ್ನದು ಅಂತಾನೆ, ಇನ್ನೊಬ್ಬ ಅರ್ಧ ನನ್ನದು ಅಂತಾನೆ, ಈಗ ಹೇಳು ಅಂದ. ನಾನು ಆಗಲೂ ಅರ್ಧ ಅರ್ಧ ಅಂದೆ. ಅವನು ಪುಟದ ಮೇಲೆ ಬೆರಳಿಟ್ಟು ತೋರಿಸಿದ: ಮೊದಲನೆಯವನಿಗೆ ಮುಕ್ಕಾಲು, ಎರಡನೆಯವನಿಗೆ ಕಾಲು. ಹೇಗೆ ಅಂದರೆ, ಎರಡನೆಯವನು ಅರ್ಧ ಬಟ್ಟೆಯನ್ನು ತಾನೇ ಬಿಟ್ಟುಕೊಟ್ಟ ಹಾಗಾಯಿತಲ್ವಾ, ಜಗಳ ಇರುವುದು ಉಳಿದ ಅರ್ಧದ ಮೇಲೆ ಮಾತ್ರ, ಹಾಗಾಗಿ ಹಂಚಬೇಕಾದ್ದು ಆ ಅರ್ಧವನ್ನೇ. ಅದೂ ಸುಮ್ನೆ ಅಲ್ಲ, ಇಬ್ಬರೂ ಪ್ರಮಾಣ ಮಾಡಿ ತೆಗೆದುಕೊಳ್ಳಬೇಕು.

ಇದು ಯಹೂದಿಗಳ ಧರ್ಮಶಾಸ್ತ್ರದ ವಾದ ವಿವಾದಗಳನ್ನು ಸೇರಿಸಿದ ಹಳೆಯ ಗ್ರಂಥ ತಾಲ್ಮುಡ್‌ನ 'ಬಾವಾ ಮೆಟ್ಸಿಯಾ' ಎಂಬ ಭಾಗದ ಮೊದಲ ಪುಟ. ಅವತ್ತಿನಿಂದ ಪ್ರತಿ ಗುರುವಾರ ಮುಕ್ಕಾಲು ಗಂಟೆ ನಾವಿಬ್ಬರೂ ಕೂತೆವು. ನಾನು ಯಹೂದಿ ಅಲ್ಲ. ಇದು ನನ್ನ ಕೋರ್ಸೂ ಅಲ್ಲ. ಪರೀಕ್ಷೆ ಇಲ್ಲ, ಮಾರ್ಕ್ಸ್ ಇಲ್ಲ. ಆದರೆ ಆ ಎರಡು ವರ್ಷದಲ್ಲಿ ನಾನು ಜಾಸ್ತಿ ಕಲಿತದ್ದು ಆ ಮೇಜಿನಲ್ಲೇ.

ಅಮೆರಿಕದ ಕಾಲೇಜುಗಳಲ್ಲಿ ಇರುವ, ಇಲ್ಲವೇ ಈ ವರ್ಷ ಹೊರಟಿರುವ ನಮ್ಮ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಯಹೂದಿ ವಿದ್ಯಾರ್ಥಿಗಳಿಗಾಗಿ ನಡೆಯುವ ಪಾಠಗಳು ತುಂಬಾ ಇವೆ. ಕೆಲವಕ್ಕೆ ನಾವೂ ಹೋಗಬಹುದು, ಕೆಲವು ಅವರಿಗಷ್ಟೇ ಮೀಸಲು. ಯಾವುದು ಯಾವುದು, ಹೋದರೆ ಹೇಗೆ ನಡೆದುಕೊಳ್ಳಬೇಕು, ಹೋದ ಮೇಲೆ ಓದುವುದು ಹೇಗೆ, ಇಷ್ಟನ್ನು ಹೇಳುತ್ತೇನೆ.

ಮೊದಲು ಒಂದು ವಿಷಯ ಗೊತ್ತಿರಲಿ

ಯಹೂದಿಗಳ ಕಲಿಕೆ ಅಂದರೆ ಗುರುಗಳು ಹೇಳುವುದು, ನಾವು ಕೇಳುವುದು ಅಂತ ಅಂದುಕೊಂಡು ಹೋಗಬೇಡಿ. ಅವರಲ್ಲಿ ಇಬ್ಬಿಬ್ಬರು ಎದುರುಬದುರು ಕೂತು, ಗಟ್ಟಿಯಾಗಿ ಓದಿ, ವಾಕ್ಯ ವಾಕ್ಯಕ್ಕೂ ನಿಲ್ಲಿಸಿ ವಾದ ಮಾಡುತ್ತಾ ಕಲಿಯುತ್ತಾರೆ. ಆ ಜೋಡಿಗೆ 'ಹವ್ರುತಾ' ಅನ್ನುತ್ತಾರೆ. ಗೆಳೆತನ ಅಂತ ಅದರ ಅರ್ಥ. ಜೋರಾಗಿ ನಡೆಯುವ ಪಾಠಶಾಲೆಗೆ ಹೋದರೆ ನಮ್ಮ ಲೈಬ್ರರಿಯ ಮೌನ ಅಲ್ಲಿ ಸಿಗುವುದಿಲ್ಲ. ಸಂತೆಯ ಗದ್ದಲ ಇರುತ್ತದೆ.

ನಮಗೆ ಇದು ತೀರಾ ಹೊಸದೇನಲ್ಲ. ಗಮಕದಲ್ಲಿ ಒಬ್ಬರು ವಾಚನ ಮಾಡುತ್ತಾರೆ, ಇನ್ನೊಬ್ಬರು ಅಲ್ಲಲ್ಲಿ ತಡೆದು ವ್ಯಾಖ್ಯಾನ ಮಾಡುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲದೆ ಕೂತ ಅರ್ಥಧಾರಿಗಳು ಒಂದು ಪದ್ಯ ಹಿಡಿದು ಗಂಟೆಗಟ್ಟಲೆ ಮಾತಿಗೆ ಮಾತು ಕೊಡುತ್ತಾರೆ. ಕರಾವಳಿಯಲ್ಲಿ ಬೆಳೆದವರಾದರೆ ಹವ್ರುತಾದ ರುಚಿ ನಿಮಗೆ ಬೇಗ ಹತ್ತುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಪ್ರೇಕ್ಷಕರಿಲ್ಲ. ಎದುರಿಗಿರುವವರೊಬ್ಬರೇ.

ಎದುರಿಗೆ ಒಬ್ಬರು ಯಾಕೆ ಬೇಕೇ ಬೇಕು ಅನ್ನುವುದಕ್ಕೆ ತಾಲ್ಮುಡ್‌ನಲ್ಲೇ ಒಂದು ಕಥೆ ಇದೆ. ರಬ್ಬಿ (ಅಂದರೆ ಯಹೂದಿ ಧರ್ಮಗುರು) ಯೋಹನಾನ್ ಮತ್ತು ರೇಶ್ ಲಾಕಿಶ್ ಓದಿನ ಜೊತೆಗಾರರು. ರೇಶ್ ಲಾಕಿಶ್ ತೀರಿಕೊಂಡ. ಯೋಹನಾನರ ದುಃಖ ಇಳಿಯಲಿಲ್ಲ. ಸಮಾಧಾನಕ್ಕೆ ಅಂತ ಇನ್ನೊಬ್ಬ ಪಂಡಿತನನ್ನು ಕಳಿಸಿದರು. ಅವನು ಪ್ರತಿ ಮಾತಿಗೂ "ನೀವು ಹೇಳಿದ್ದಕ್ಕೆ ಆಧಾರ ಇದೆ" ಅಂತ ಒಪ್ಪುತ್ತಾ ಕೂತ. ಯೋಹನಾನರು ನೊಂದುಕೊಂಡರು. ರೇಶ್ ಲಾಕಿಶ್ ನನ್ನ ಒಂದೊಂದು ಮಾತಿಗೂ 24 ಆಕ್ಷೇಪ ಎತ್ತುತ್ತಿದ್ದ, ನಾನು 24 ಉತ್ತರ ಕೊಡುತ್ತಿದ್ದೆ, ವಿಷಯ ಬೆಳೆಯುತ್ತಿತ್ತು, ನಾನು ಸರಿ ಅನ್ನುವುದು ನನಗೇ ಗೊತ್ತಿಲ್ವಾ, ಅದನ್ನು ನೀನು ಹೇಳಬೇಕಾ ಅಂತ ಕೇಳಿದರು. ನೀವು ಹುಡುಕಬೇಕಾದ್ದು ಅಂಥ ಒಬ್ಬ ರೇಶ್ ಲಾಕಿಶ್‌ನನ್ನು. ಉಳಿದದ್ದೆಲ್ಲ ಆಮೇಲೆ.

ಬಾಗಿಲು ಎಲ್ಲೆಲ್ಲಿದೆ

ಮೊದಲು ನೋಡಬೇಕಾದ್ದು ಹಿಲೆಲ್. 1923ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಶುರುವಾದ ವಿದ್ಯಾರ್ಥಿ ಸಂಸ್ಥೆ ಇದು. ಈಗ ನೂರಾರು ಕ್ಯಾಂಪಸ್ಸುಗಳಲ್ಲಿದೆ. ನಿಮ್ಮ ಕಾಲೇಜಿನ ಹೆಸರಿನ ಜೊತೆ ಹಿಲೆಲ್ ಅಂತ ಸೇರಿಸಿ ಹುಡುಕಿದರೆ ಸಿಕ್ಕಿಬಿಡುತ್ತದೆ. ಸಂಪ್ರದಾಯಸ್ಥರಿಂದ ಹಿಡಿದು ದೇವಸ್ಥಾನದ ಮುಖವನ್ನೇ ನೋಡದವರವರೆಗೆ ಎಲ್ಲ ಬಗೆಯ ಯಹೂದಿಗಳೂ ಅಲ್ಲಿಗೆ ಬರುತ್ತಾರೆ. ನಮ್ಮಂಥ ಹೊರಗಿನವರು ಕಾಲಿಡುವುದಕ್ಕೂ ಅದು ಸುಲಭದ ಜಾಗ.

ಆ ಹೆಸರಿನ ಹಿಂದಿರುವ ಮನುಷ್ಯನ ಕಥೆಯನ್ನು ಹೇಳಲೇಬೇಕು. ಹಿಲೆಲ್ ಬಡವ, ಕೂಲಿ ಮಾಡುತ್ತಿದ್ದ. ದಿನದ ಕೂಲಿಯಲ್ಲಿ ಅರ್ಧ ಮನೆಗೆ, ಅರ್ಧ ಪಾಠಶಾಲೆಯ ಕಾವಲುಗಾರನಿಗೆ. ಒಂದು ಶುಕ್ರವಾರ ಕೆಲಸ ಸಿಗಲಿಲ್ಲ, ಕಾವಲುಗಾರ ಒಳಗೆ ಬಿಡಲಿಲ್ಲ. ಚಳಿಗಾಲ. ಹಿಲೆಲ್ ಮಾಡು ಹತ್ತಿ ಬೆಳಕಿಂಡಿಗೆ ಕಿವಿಕೊಟ್ಟು ಮಲಗಿದ. ರಾತ್ರಿ ಹಿಮ ಬಿತ್ತು. ಬೆಳಿಗ್ಗೆ ಒಳಗೆ ಯಾಕೋ ಕತ್ತಲು ಅಂತ ಗುರುಗಳು ತಲೆ ಎತ್ತಿ ನೋಡಿದರೆ ಕಿಂಡಿಯಲ್ಲಿ ಮನುಷ್ಯನ ಆಕಾರ. ಕೆಳಗಿಳಿಸಿ, ತೊಳೆದು, ಎಣ್ಣೆ ಹಚ್ಚಿ, ಬೆಂಕಿಯ ಹತ್ತಿರ ಕೂರಿಸಿದರು. ಅವತ್ತು ಶಬ್ಬಾತ್, ಅಂದರೆ ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಏನೂ ಕೆಲಸ ಮಾಡಬಾರದ ದಿನ. ಇವನಿಗಾಗಿ ಶಬ್ಬಾತ್ ಮುರಿದರೂ ಸರಿಯೇ ಅಂದರು. ಈ ಕಥೆ ಗೊತ್ತಿದ್ದರೆ ಹಿಲೆಲ್ ಕಟ್ಟಡದ ಬಾಗಿಲು ತಳ್ಳುವಾಗ ಆಗುವ ಸಂಕೋಚ ಸ್ವಲ್ಪ ಕಡಿಮೆಯಾಗುತ್ತದೆ. ನನಗಂತೂ ಹಾಗೇ ಆಯಿತು.

ಹಿಲೆಲ್‌ನಲ್ಲಿ 'ಜ್ಯೂಯಿಷ್ ಲರ್ನಿಂಗ್ ಫೆಲೋಶಿಪ್' ಅನ್ನುವುದು ನಡೆಯುತ್ತದೆ. ಸುಮಾರು ಹತ್ತು ವಾರ, ವಾರಕ್ಕೊಮ್ಮೆ, ಊಟದ ಜೊತೆ ಮಾತುಕತೆಯ ರೂಪದ ಪಾಠ. ಮಾರ್ಕ್ಸ್ ಇಲ್ಲ. ಮುಗಿಸಿದವರಿಗೆ ಕೆಲವು ಕಡೆ ಸ್ವಲ್ಪ ಹಣವನ್ನೂ ಕೊಡುತ್ತಾರೆ. ಹೊಸದಾಗಿ ಶುರು ಮಾಡುವವರಿಗೆ ತುಂಬಾ ಒಳ್ಳೆಯದು. ನಿಮ್ಮ ಸ್ನೇಹಿತರಲ್ಲಿ ಯಹೂದಿ ಹುಡುಗನೋ ಹುಡುಗಿಯೋ ಇದ್ದು, "ನನ್ನ ಧರ್ಮದ ಬಗ್ಗೆ ನನಗೇ ಏನೂ ಗೊತ್ತಿಲ್ಲ" ಅಂತ ಅನ್ನುತ್ತಿದ್ದರೆ ಅವರಿಗೆ ಇದನ್ನು ಹೇಳಿ. ನೀವು ಸೇರಬಹುದಾ ಅನ್ನುವುದನ್ನು ನಿಮ್ಮ ಕ್ಯಾಂಪಸ್ಸಿನವರನ್ನೇ ಕೇಳಿ, ಜಾಗದಿಂದ ಜಾಗಕ್ಕೆ ನಿಯಮ ಬೇರೆ.

ಎರಡನೆಯದು ಹಬಾದ್, ಸಂಪ್ರದಾಯಸ್ಥ ಯಹೂದಿಗಳ ಒಂದು ಪಂಥ. ಇಂಗ್ಲಿಷ್ ಸ್ಪೆಲಿಂಗ್ ನೋಡಿ ಚಬಾದ್ ಅನ್ನಬೇಡಿ, ಗಂಟಲಿನಿಂದ ಬರುವ ಹ ಅದು. ಮುಂಬೈಯ ನಾರಿಮನ್ ಹೌಸ್ ನೆನಪಿದೆಯಲ್ಲ, 2008ರ ದಾಳಿಯಲ್ಲಿ ಸಿಕ್ಕಿಕೊಂಡ ಮನೆ, ಅದು ಇವರದೇ ಕೇಂದ್ರ. ಕ್ಯಾಂಪಸ್ಸಿನಲ್ಲಿ ಇವರ ಮೊದಲ ಮನೆ ಶುರುವಾದದ್ದು 1969ರಲ್ಲಿ, ಲಾಸ್ ಏಂಜಲಿಸ್‌ನ ಯುಸಿಎಲ್ಎಯಲ್ಲಿ. ಒಬ್ಬ ರಬ್ಬಿ, ಅವರ ಹೆಂಡತಿ, ಮಕ್ಕಳು ಕ್ಯಾಂಪಸ್ ಪಕ್ಕದಲ್ಲೇ ಸಂಸಾರ ಹೂಡಿಕೊಂಡು ವಿದ್ಯಾರ್ಥಿಗಳಿಗೆ ಮನೆ ಬಾಗಿಲು ತೆರೆದಿಟ್ಟಿರುತ್ತಾರೆ. ಅಲ್ಲಿ ಆಚಾರ ಬಿಗಿ, ಊಟ ಧಾರಾಳ. ಶುಕ್ರವಾರದ ಊಟಕ್ಕೆ ಯಹೂದಿ ಗೆಳೆಯರು ಕರೆದರೆ ಖುಷಿಯಿಂದ ಹೋಗಿ. ಆದರೆ ಅವರ ಕ್ರಮಬದ್ಧ ಪಾಠಗಳು, ಉದಾಹರಣೆಗೆ 'ಸೈನಾಯ್ ಸ್ಕಾಲರ್ಸ್', ಯಹೂದಿ ವಿದ್ಯಾರ್ಥಿಗಳಿಗಾಗಿಯೇ ಇರುವಂಥವು. ಅದರಲ್ಲಿ ಬೇಜಾರು ಮಾಡಿಕೊಳ್ಳುವುದೇನಿಲ್ಲ. 'ಬರ್ತ್‌ರೈಟ್' ಎಂಬ ಹತ್ತು ದಿನದ ಉಚಿತ ಇಸ್ರೇಲ್ ಪ್ರವಾಸವೂ ಹಾಗೆಯೇ, ಯಹೂದಿ ಮೂಲದ ಯುವಕರಿಗೆ ಮೀಸಲು.

ಇನ್ನೊಂದು ಮಾತು, ಮನೆಯವರು ಹೆದರುತ್ತಾರೆ ಅಂತ ಹೇಳುತ್ತಿದ್ದೇನೆ. ನಿಮ್ಮನ್ನು ಮತಾಂತರ ಮಾಡುವ ಆಸೆ ಯಹೂದಿಗಳಿಗಿಲ್ಲ. ತಾವಾಗಿಯೇ ಸೇರುತ್ತೇವೆ ಅಂತ ಬಂದವರನ್ನೂ ಮೊದಲು ಯೋಚನೆ ಮಾಡು ಅಂತ ತಡೆಯುವುದು ಅವರ ಹಳೆಯ ಪದ್ಧತಿ.

ಒಂದು ಮೇಲ್ ಬರೆಯಿರಿ

ಸುಮ್ನೆ ಹೋಗಿ ನಿಂತುಬಿಡಬೇಡಿ. 2023ರ ಅಕ್ಟೋಬರಿನಲ್ಲಿ ಇಸ್ರೇಲ್ ಹಮಾಸ್ ಯುದ್ಧ ಶುರುವಾದ ನಂತರ ಕ್ಯಾಂಪಸ್ಸುಗಳಲ್ಲಿ ಬಿಸಿ ಏರಿದೆ, ಎಷ್ಟೋ ಕಡೆ ಬಾಗಿಲಲ್ಲಿ ಕಾವಲು ಇರುತ್ತದೆ, ಹೆಸರು ಮೊದಲೇ ಕೊಟ್ಟಿರಬೇಕಾಗುತ್ತದೆ, ಕಾಲೇಜಿನ ಐಡಿ ಕಾರ್ಡ್ ಕೇಳುತ್ತಾರೆ. ನಾಲ್ಕು ಸಾಲು ಸಾಕು: ನಾನು ಇಂಥ ವಿಭಾಗದ ವಿದ್ಯಾರ್ಥಿ, ಭಾರತದವನು, ಯಹೂದಿ ಅಲ್ಲ, ನಿಮ್ಮ ಗ್ರಂಥಗಳನ್ನು ಜೊತೆಯಾಗಿ ಓದುವ ಕ್ರಮ ಕಲಿಯುವ ಆಸೆ ಇದೆ, ಹೊರಗಿನವರು ಬರಬಹುದಾದ ಪಾಠ ಯಾವುದು, ಯಾರ ಜೊತೆ ಮಾತಾಡಲಿ. ಅಷ್ಟೇ. ಮೇಲನ್ನು ವಾರದ ಶುರುವಿನಲ್ಲಿ ಕಳಿಸಿ. ಶುಕ್ರವಾರ ಮಧ್ಯಾಹ್ನದ ಮೇಲೆ ಕಳಿಸಿದರೆ ಶನಿವಾರ ಕತ್ತಲಾಗುವವರೆಗೆ ಆಚಾರವಂತರು ಯಾರೂ ಫೋನ್ ಮುಟ್ಟುವುದಿಲ್ಲ.

ಯಹೂದಿ ಅಲ್ಲ ಅನ್ನುವುದನ್ನು ಮುಚ್ಚಿಡಬೇಡಿ. ಪ್ರಾರ್ಥನೆಗೆ ಹತ್ತು ಜನ ಯಹೂದಿಗಳು ಬೇಕು ಅನ್ನುವ ಲೆಕ್ಕ ಅವರಲ್ಲಿದೆ. ಗೊತ್ತಿಲ್ಲದೆ ನಿಮ್ಮನ್ನೂ ಎಣಿಸಿಬಿಟ್ಟರೆ ಆಮೇಲೆ ಇಬ್ಬರಿಗೂ ಮುಜುಗರ. ಮತ್ತೆ, ಇಸ್ರೇಲ್ ಪ್ಯಾಲೆಸ್ಟೈನ್ ಬಗ್ಗೆ ನಿಮಗೆ ಗಟ್ಟಿ ಅಭಿಪ್ರಾಯ ಇರಬಹುದು, ಇರಲಿ. ಆ ಕೋಣೆಯಲ್ಲೇ ಹತ್ತು ಜನಕ್ಕೆ ಹತ್ತು ಅಭಿಪ್ರಾಯ ಇರುತ್ತದೆ. ಮೊದಲ ದಿನವೇ ಎದುರಿಗಿದ್ದವರನ್ನು ಒಂದು ದೇಶದ ವಕೀಲರ ಹಾಗೆ ನಿಲ್ಲಿಸಿ ಪ್ರಶ್ನೆ ಕೇಳಬೇಡಿ. ನೀವು ಬಂದದ್ದು ಪುಟ ಓದುವುದಕ್ಕೆ.

ಶುಕ್ರವಾರದ ಊಟ

ಜೊತೆ ಸಿಗುವುದು ಹೆಚ್ಚಾಗಿ ಇಲ್ಲೇ. ಪಾಠದ ಬೋರ್ಡ್ ಇರುವುದಿಲ್ಲ, ಆದರೆ ಅರ್ಧ ಪಾಠ ಊಟದ ಮೇಜಿನಲ್ಲೇ ಆಗುತ್ತದೆ.

ಸೂರ್ಯ ಮುಳುಗುವ 18 ನಿಮಿಷ ಮೊದಲು ದೀಪ ಹಚ್ಚುತ್ತಾರೆ. ಆಮೇಲೆ ಪ್ರಾರ್ಥನೆ, ಆಮೇಲೆ ಮೇಜಿನ ಸುತ್ತ. ದ್ರಾಕ್ಷಾರಸದ ಬಟ್ಟಲು ಹಿಡಿದು ಒಬ್ಬರು ಮಂತ್ರ ಹಾಡುತ್ತಾರೆ, ವೈನ್ ಬೇಡದವರಿಗೆ ದ್ರಾಕ್ಷಿ ಜ್ಯೂಸ್ ಇರುತ್ತದೆ. ನಂತರ ಕೈ ತೊಳೆಯುವುದು. ಎರಡು ಹಿಡಿ ಇರುವ ಒಂದು ಚೊಂಬು, ಒಂದು ಕೈ ಮೇಲೆ, ಮತ್ತೆ ಇನ್ನೊಂದು ಕೈ ಮೇಲೆ ನೀರು. ತೊಳೆದುಕೊಂಡ ಮೇಲೆ ಬ್ರೆಡ್ ಮುರಿದು ತಿನ್ನುವವರೆಗೆ ಮಾತಾಡುವ ಹಾಗಿಲ್ಲ. ನನಗೆ ಗೊತ್ತಿರಲಿಲ್ಲ. ಟವೆಲ್ ಕೊಟ್ಟವರಿಗೆ ಥ್ಯಾಂಕ್ಸ್ ಅಂದೆ, ಅವರು ಬರೀ ನಕ್ಕು ತಲೆ ಆಡಿಸಿದರು. ಇನ್ನೊಬ್ಬರ ಹತ್ತಿರ ಎಲ್ಲಿ ಕೂರಲಿ ಅಂತ ಕೇಳಿದೆ, ಅವರೂ ಕೈ ತೋರಿಸಿದರಷ್ಟೇ. ಮೂವತ್ತು ಜನರ ಕೋಣೆ ಇದ್ದಕ್ಕಿದ್ದಂತೆ ಸ್ತಬ್ಧ. ಆಮೇಲೆ ಕಸೂತಿ ಬಟ್ಟೆಯ ಕೆಳಗಿಂದ ಜಡೆ ಹೆಣೆದಂತಿರುವ ಎರಡು ಬ್ರೆಡ್ ಎತ್ತಿ, ಮಂತ್ರ ಹೇಳಿ, ಮುರಿದು, ಉಪ್ಪಿಗೆ ಅದ್ದಿ, ಕೈಯಿಂದ ಕೈಗೆ ದಾಟಿಸಿದರು. ಆಗ ಒಮ್ಮೆಲೇ ಎಲ್ಲರ ಮಾತು ಶುರು. ಆ ಬ್ರೆಡ್ಡಿಗೆ ಹಲ್ಲಾ ಅನ್ನುತ್ತಾರೆ. ಎರಡೇ ಯಾಕೆ ಅಂತ ಕೇಳಿ ನೋಡಿ, ಮರುಭೂಮಿಯಲ್ಲಿ ಆಕಾಶದಿಂದ ಬಿದ್ದ ಮನ್ನಾ ಎಂಬ ಆಹಾರ ಶುಕ್ರವಾರ ಎರಡು ಪಾಲು ಸಿಗುತ್ತಿತ್ತು ಅನ್ನುವ ಕಥೆ ಬರುತ್ತದೆ. ಆ ಕಥೆಯ ಬಾಲ ಹಿಡಿದು ಇನ್ನೊಂದು. ಪ್ರಶ್ನೆ ಕೇಳುವವರನ್ನು ಕಂಡರೆ ಈ ಜನಕ್ಕೆ ತುಂಬಾ ಇಷ್ಟ.

ನಾನು ಮಾಡಿದ ಎರಡು ತಪ್ಪು ನೀವು ಮಾಡಬೇಡಿ. ಮೊದಲ ಸಲ ಒಬ್ಬರ ಮನೆಗೆ ಹೋಗುವಾಗ ನಾನೇ ಕೂತು ಮಾಡಿದ ಮೈಸೂರು ಪಾಕ್ ಡಬ್ಬಿಯಲ್ಲಿ ಒಯ್ದೆ. ಆಚಾರವಂತರ ಮನೆಯ ಅಡುಗೆಗೆ ಕೋಶರ್ ನಿಯಮ ಇದೆ, ಬೇರೆ ಅಡುಗೆಮನೆಯಲ್ಲಿ ಬೇರೆ ಪಾತ್ರೆಯಲ್ಲಿ ಮಾಡಿದ್ದನ್ನು ಅವರು ತಿನ್ನುವುದಿಲ್ಲ. ಮನೆಯೊಡತಿ ಪ್ರೀತಿಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟರು, ಆಮೇಲೆ ಗೆಳೆಯ ವಿವರಿಸಿದ. ಮಡಿ ಊಟದ ಮನೆಗಳನ್ನು ನೋಡಿದವನಾಗಿ ನನಗೆ ಹೊಳೆಯಬೇಕಿತ್ತು. ಹೂವು ಒಯ್ಯಿರಿ, ಅದೂ ಶಬ್ಬಾತ್ ಶುರುವಾಗುವ ಮೊದಲೇ ಮುಟ್ಟಿಸಿ. ಇಲ್ಲವೇ ಕೋಶರ್ ಗುರುತು ಇರುವ, ಸೀಲ್ ಒಡೆಯದ ಚಾಕೊಲೇಟ್. ಎರಡನೆಯ ತಪ್ಪು, ಒಬ್ಬ ಹುಡುಗಿ ಒಳ್ಳೆಯ ಮಾತು ಹೇಳಿದಳು ಅಂತ ಜೇಬಿನಿಂದ ಪೆನ್ನು ತೆಗೆದು ಬರೆಯಲು ಹೋದೆ. ಶಬ್ಬಾತ್ ದಿನ ಬರೆಯುವುದೂ ಕೆಲಸವೇ. ಫೋನೂ ಅಷ್ಟೇ, ಫೋಟೋ ಬೇಡ. ಮನೆಗೆ ಬಂದು ನೆನಪಿನಿಂದ ಬರೆದುಕೊಳ್ಳಿ.

ಸಸ್ಯಾಹಾರಿಗಳು ಗಮನಿಸಿ. ಮಾಂಸ ಮತ್ತು ಹಾಲನ್ನು ಅವರು ಬೆರೆಸುವುದಿಲ್ಲ, ಹಾಗಾಗಿ ಕೋಳಿ ಇರುವ ಊಟದಲ್ಲಿ ಬೆಣ್ಣೆ, ಮೊಸರು ಇರುವುದಿಲ್ಲ. ಎರಡೂ ಅಲ್ಲದ್ದಕ್ಕೆ 'ಪಾರ್ವೆ' ಅನ್ನುತ್ತಾರೆ. ಪಾರ್ವೆ ಅಂದರೆ ಸಸ್ಯಾಹಾರ ಅಂದುಕೊಳ್ಳಬೇಡಿ, ಅದರಲ್ಲಿ ಮೊಟ್ಟೆ ಇರಬಹುದು, ಮೀನೂ ಇರಬಹುದು. ಹಲ್ಲಾದಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ. ಸೂಪ್ ಹೆಚ್ಚಾಗಿ ಕೋಳಿಯದ್ದು. ಮೊದಲೇ ಮೇಲ್‌ನಲ್ಲಿ ತಿಳಿಸಿಬಿಟ್ಟರೆ ಪಾಪ ಅವರು ಏನಾದರೂ ವ್ಯವಸ್ಥೆ ಮಾಡುತ್ತಾರೆ.

ಕೈ ಕುಲುಕುವ ವಿಷಯ: ಸಂಪ್ರದಾಯಸ್ಥ ಗಂಡಸರು ಬೇರೆ ಹೆಂಗಸರ ಕೈ ಮುಟ್ಟುವುದಿಲ್ಲ, ಹೆಂಗಸರೂ ಹಾಗೆಯೇ. ನಮಗೆ ಕಷ್ಟವೇ ಇಲ್ಲ, ಕೈ ಮುಗಿದು ನಮಸ್ಕಾರ ಅಂದರಾಯಿತು.

ಜೊತೆ ಸಿಕ್ಕ ಮೇಲೆ: ಪುಟ ಓದುವ ಕ್ರಮ

ಯಾರು ಜೊತೆಯಾಗಬಹುದು? ತುಂಬಾ ಓದಿದವರೇ ಬೇಕು ಅಂತಿಲ್ಲ. ನಿಮ್ಮ ಮಾತನ್ನು ಕಿವಿಗೊಟ್ಟು ಕೇಳಿ, ಆಮೇಲೆ "ಅದು ಹಾಗಲ್ಲ ಅನಿಸುತ್ತೆ" ಅನ್ನುವ ಧೈರ್ಯ ಇರುವವರು ಬೇಕು. ಊಟದ ಮೇಜಿನಲ್ಲಿ ಅಂಥವರು ಗೊತ್ತಾಗಿಬಿಡುತ್ತಾರೆ. ಆರು ವಾರ, ವಾರಕ್ಕೆ 45 ನಿಮಿಷ, ಇಂಥ ದಿನ ಇಂಥ ಹೊತ್ತು ಅಂತ ಕೇಳಿ. ಕೊನೆಯಿಲ್ಲದ ಒಪ್ಪಂದಕ್ಕೆ ಯಾರೂ ಹೂಂ ಅನ್ನುವುದಿಲ್ಲ, ಆರು ವಾರಕ್ಕೆ ಒಪ್ಪುತ್ತಾರೆ.

ಪುಸ್ತಕಕ್ಕೆ ದುಡ್ಡು ಹಾಕಬೇಡಿ. ಸೆಫಾರಿಯಾ ಅಂತ ಒಂದು ಉಚಿತ ತಾಣ, ಆಪ್ ಕೂಡ ಇದೆ. 2011ರಲ್ಲಿ ಹುಟ್ಟಿದ್ದು. ತೋರಾ (ಅವರ ಮೂಲ ಗ್ರಂಥ, ಮೋಶೆಯ ಐದು ಪುಸ್ತಕಗಳು), ತಾಲ್ಮುಡ್, ಎಷ್ಟೋ ವ್ಯಾಖ್ಯಾನಗಳು ಮೂಲ ಭಾಷೆ ಮತ್ತು ಇಂಗ್ಲಿಷ್‌ನಲ್ಲಿ ಅಕ್ಕಪಕ್ಕ ಸಿಗುತ್ತವೆ. ಒಂದು ವಾಕ್ಯದ ಮೇಲೆ ಒತ್ತಿದರೆ ಅದರ ಬಗ್ಗೆ ಯಾರ್ಯಾರು ಏನು ಬರೆದಿದ್ದಾರೆ ಅನ್ನುವುದು ಪಕ್ಕದಲ್ಲಿ ತೆರೆದುಕೊಳ್ಳುತ್ತದೆ. ತಾಲ್ಮುಡ್‌ನ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ ಮತ್ತು ಮಾಮೂಲಿ ಅಕ್ಷರ ಬೆರೆತಿರುತ್ತವೆ. ದಪ್ಪಕ್ಷರದ್ದು ಮಾತ್ರ ಮೂಲದಲ್ಲಿರುವ ಮಾತು. ಉಳಿದದ್ದು ಅರ್ಥವಾಗಲಿ ಅಂತ ಅನುವಾದಕರು ಸೇರಿಸಿದ ವಿವರಣೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಒಂದು ತಿಂಗಳು ಎಲ್ಲವನ್ನೂ ಒಂದೇ ಅಂತ ಓದಿದೆ. ನೀವು ಮೊದಲು ದಪ್ಪಕ್ಷರ ಮಾತ್ರ ಓದಿ ನೋಡಿ. ಎಷ್ಟು ಬಿಗಿಯಾಗಿದೆ, ಎಷ್ಟು ಜಾಗ ಖಾಲಿ ಬಿಟ್ಟಿದೆ ಅನ್ನುವುದು ಆಗಲೇ ಕಾಣುವುದು.

ಮುದ್ರಿತ ಪುಟ ಒಮ್ಮೆಯಾದರೂ ಕೈಯಲ್ಲಿ ಹಿಡಿಯಿರಿ, ಹಿಲೆಲ್ ಕಪಾಟಿನಲ್ಲಿ ಇದ್ದೇ ಇರುತ್ತದೆ. ನಡುವೆ ಮೂಲ. ಬೆನ್ನಿನ ಕಡೆಯ ಅಂಚಿನಲ್ಲಿ ರಾಶಿ ಎಂಬ ವ್ಯಾಖ್ಯಾನಕಾರನ ಮಾತು, ಹೊರಗಿನ ಅಂಚಿನಲ್ಲಿ ಅವನ ನಂತರದವರ ತಕರಾರು. ರಾಶಿ 1040ರಿಂದ 1105ರವರೆಗೆ ಬದುಕಿದ್ದ, ಫ್ರಾನ್ಸಿನ ಟ್ರ್ವಾ ಊರಿನವನು. 1520ರ ಹೊತ್ತಿಗೆ ವೆನಿಸ್‌ನಲ್ಲಿ ಡೇನಿಯಲ್ ಬಾಂಬರ್ಗ್ ಎಂಬ ಕ್ರೈಸ್ತ ಮುದ್ರಕ ಇಡೀ ತಾಲ್ಮುಡ್ ಅಚ್ಚು ಹಾಕಲು ತೊಡಗಿದ. ಅವನ ಪುಟಸಂಖ್ಯೆಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಎರಡನೇ ಹಾಳೆಯ ಮೊದಲ ಮಗ್ಗುಲು ಅಂದರೆ ಜೆರುಸಲೇಮಿನಲ್ಲೂ ಅದೇ, ಬೆಂಗಳೂರಿನಲ್ಲೂ ಅದೇ. ಹೌದು, ಲೆಕ್ಕ ಶುರುವಾಗುವುದೇ ಎರಡರಿಂದ, ಒಂದನೇ ಹಾಳೆ ಹುಡುಕಬೇಡಿ.

ಈಗ ಓದು. ಒಬ್ಬರು ಒಂದೇ ವಾಕ್ಯ ಗಟ್ಟಿಯಾಗಿ ಓದಿ. ಇನ್ನೊಬ್ಬರು ಅದನ್ನು ತಮ್ಮ ಮಾತಿನಲ್ಲಿ ಹೇಳಬೇಕು, ಪುಟ ನೋಡದೆ. ಓದಿದವರಿಗೆ ಒಪ್ಪಿಗೆಯಾದರೆ ಮುಂದಕ್ಕೆ. ಇಲ್ಲದಿದ್ದರೆ ಅಲ್ಲೇ ನಿಲ್ಲಿ. ಸ್ವಲ್ಪ ಹೊತ್ತಿಗೆ ಪಾತ್ರ ಬದಲಿಸಿ. ಕೇಳುತ್ತಾ ಇರಬೇಕಾದ ಪ್ರಶ್ನೆ ಒಂದೇ: ಈ ಮಾತು ಇಲ್ಲಿ ಯಾಕೆ ಬೇಕಿತ್ತು?

ಬಟ್ಟೆಯ ಪುಟಕ್ಕೇ ಬನ್ನಿ. "ನನಗೆ ಸಿಕ್ಕಿದ್ದು" ಅಂದ ಮೇಲೆ "ಪೂರ್ತಿ ನನ್ನದು" ಅಂತ ಮತ್ತೆ ಯಾಕೆ ಹೇಳಬೇಕು? ಒಂದು ಸಾಕಲ್ವಾ? ನಾವಿಬ್ಬರೂ ಇದನ್ನು ಗಮನಿಸದೆ ದಾಟಿ ಹೋಗಿದ್ದೆವು. ಮುಂದಿನ ಸಾಲಿನಲ್ಲಿ ತಾಲ್ಮುಡ್ ತಾನೇ ಈ ಪ್ರಶ್ನೆ ಕೇಳಿತು. ಅದಕ್ಕೆ ಬರುವ ಉತ್ತರಗಳಲ್ಲಿ ಒಂದು ಹೀಗೆ: ಮೊದಲನೆಯದು ದಾರಿಯಲ್ಲಿ ಸಿಕ್ಕ ವಸ್ತುವಿನ ಜಗಳ, ಎರಡನೆಯದು ಅಂಗಡಿಯಲ್ಲಿ ಕೊಂಡ ವಸ್ತುವಿನ ಜಗಳ. ಎರಡನ್ನೂ ಹೇಳದಿದ್ದರೆ ಒಂದಕ್ಕೆ ಮಾತ್ರ ಈ ನಿಯಮ ಅಂದುಕೊಳ್ಳುತ್ತಿದ್ದೆವು. ಸರಿ, ಹಂಚಿಕೊಳ್ಳುವುದಾದರೆ ಪ್ರಮಾಣ ಯಾಕೆ? ಇಲ್ಲದಿದ್ದರೆ ಯಾರು ಬೇಕಾದರೂ ಹೋಗಿ ಇನ್ನೊಬ್ಬರ ಬಟ್ಟೆ ಹಿಡಿದುಕೊಂಡು ನನ್ನದು ಅನ್ನಬಹುದು ಅಂತ ಮೇಲೆ ಹೇಳಿದ ಯೋಹನಾನರೇ ಉತ್ತರ ಕೊಡುತ್ತಾರೆ. ಇಷ್ಟೆಲ್ಲ ಆದ ಮೇಲೆ ರಾಶಿಯನ್ನು ನೋಡಿದೆವು. ಅವನು ಹಿಡಿದದ್ದು ಮೊದಲ ಮಾತನ್ನು: 'ಹಿಡಿದುಕೊಂಡಿದ್ದಾರೆ'. ಇಬ್ಬರ ಕೈಯಲ್ಲೂ ಇದೆ, ಅದಕ್ಕೇ ಇಬ್ಬರದೂ ಸಮ. ಒಬ್ಬನ ಕೈಯಲ್ಲಿ ಮಾತ್ರ ಇದ್ದಿದ್ದರೆ ಸಾಕ್ಷಿ ತರಬೇಕಾದ್ದು ಇನ್ನೊಬ್ಬ. ನಮ್ಮ ಹಳ್ಳಿಗಳ ಜಮೀನು ತಂಟೆ ನೋಡಿದವರಿಗೆ ಈ ಒಂದು ಸಾಲಿನ ತೂಕ ಎಷ್ಟು ಅಂತ ಗೊತ್ತು. ನಾನು ಅವತ್ತು ಅಜ್ಜನ ಗದ್ದೆಯ ಬದುವಿನ ಕಥೆ ಹೇಳಿದೆ, ಗೆಳೆಯ ಅದನ್ನೂ ರಾಶಿಯ ಲೆಕ್ಕಕ್ಕೆ ಹಾಕಿ ವಾದ ಮಾಡಿದ, ಮುಕ್ಕಾಲು ಗಂಟೆ ಒಂದೂವರೆ ಗಂಟೆ ಆಯಿತು.

ವ್ಯಾಖ್ಯಾನವನ್ನು ಮೊದಲೇ ತೆರೆಯಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ. ನಿಮ್ಮಿಬ್ಬರ ತಲೆ ಬಿಸಿಯಾದ ಮೇಲೆ ರಾಶಿ ಬಂದರೆ ಮೂರನೆಯ ಗೆಳೆಯನ ಹಾಗೆ ಇರುತ್ತಾನೆ. ಮೊದಲೇ ಬಂದರೆ ಗೈಡ್ ಬುಕ್ ಆಗಿಬಿಡುತ್ತಾನೆ. ಏಳುವ ಮೊದಲು ಉತ್ತರ ಸಿಗದ ಒಂದು ಪ್ರಶ್ನೆ ಬರೆದಿಡಿ, ಮುಂದಿನ ವಾರ ಅಲ್ಲಿಂದಲೇ ಶುರು.

ಪುಸ್ತಕ ಕೆಳಗೆ ಬಿದ್ದರೆ ಅವರು ಎತ್ತಿ ಮುತ್ತಿಡುತ್ತಾರೆ. ನಾವು ಕಣ್ಣಿಗೆ ಒತ್ತಿಕೊಳ್ಳುವ ಹಾಗೆ.

ತಾಲ್ಮುಡ್ ಭಾರ ಅನಿಸಿದರೆ ತೋರಾದ ವಾರದ ಭಾಗ ಹಿಡಿಯಿರಿ. ಇಡೀ ತೋರಾವನ್ನು 54 ಭಾಗ ಮಾಡಿ ವರ್ಷಕ್ಕೊಂದು ಸುತ್ತು ಓದುತ್ತಾರೆ, ಲೋಕದ ಎಲ್ಲ ಕಡೆ ಆ ವಾರ ಹೆಚ್ಚುಕಡಿಮೆ ಅದೇ ಭಾಗ. ಹೀಬ್ರೂ ಬರಲೇಬೇಕು ಅಂತಿಲ್ಲ. 22 ಅಕ್ಷರ, ಬಲದಿಂದ ಎಡಕ್ಕೆ, ಎರಡು ವಾರ ಕೂತರೆ ಗುರುತು ಸಿಗುತ್ತದೆ.

'ದಫ್ ಯೋಮಿ' ಅಂತ ಇನ್ನೊಂದಿದೆ, ತಾಲ್ಮುಡ್ ದಿನಕ್ಕೊಂದು ಹಾಳೆ. ಒಟ್ಟು 2,711 ದಿನ, ಏಳೂವರೆ ವರ್ಷದ ಹತ್ತಿರ. 1923ರಲ್ಲಿ ರಬ್ಬಿ ಮೆಯಿರ್ ಶಪಿರೋ ವಿಯೆನ್ನಾದ ಸಭೆಯಲ್ಲಿ ಸೂಚಿಸಿದ ಕ್ರಮ. ಈಗಿನ ಸುತ್ತು 2020ರ ಜನವರಿ 5ಕ್ಕೆ ಶುರುವಾದದ್ದು, ಮುಂದಿನದು 2027ರ ಜೂನ್ 8ಕ್ಕೆ. ತುಂಬಾ ವೇಗದ ಓದು ಅದು. ಓದುವ ಕ್ರಮ ಕೈಗೆ ಹತ್ತದೆ ಅದಕ್ಕೆ ಇಳಿಯಬೇಡಿ ಅಂತ ನನ್ನ ಸಲಹೆ.

ಪಂಚಾಂಗ, ರಜೆ, ಬೇಸಿಗೆ

ಸೆಮಿಸ್ಟರ್ ಶುರುವಾಗಿ ಕೆಲವು ವಾರಕ್ಕೆ ಅವರ ದೊಡ್ಡ ಹಬ್ಬಗಳು ಸಾಲಾಗಿ ಬರುತ್ತವೆ. ಆಗ ಹಿಲೆಲ್‌ನವರಿಗೆ ಪುರುಸೊತ್ತಿಲ್ಲ. ಸುಕ್ಕೋತ್ ಹಬ್ಬದಲ್ಲಿ ಮಾತ್ರ ಹೋಗಿ, ಕ್ಯಾಂಪಸ್ಸಿನಲ್ಲೇ ಚಪ್ಪರ ಹಾಕಿರುತ್ತಾರೆ, ಸೊಪ್ಪಿನ ಮಾಡಿನ ಸಂದಿನಲ್ಲಿ ಆಕಾಶ ಕಾಣಬೇಕು ಅನ್ನುವುದು ನಿಯಮ, ಅಲ್ಲೇ ಕೂತು ಊಟ, ಪಾಠ.

ಮಾರ್ಚ್ ಏಪ್ರಿಲ್‌ನಲ್ಲಿ ಪೆಸಾಹ್ ಹಬ್ಬ, ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನದು. ಅದರ ಮೊದಲ ರಾತ್ರಿಯ ಊಟ ಸೇಡರ್, ಊಟಕ್ಕಿಂತ ಜಾಸ್ತಿ ಅದೊಂದು ಪಾಠ. ಮನೆಯ ಅತಿ ಚಿಕ್ಕವರು ನಾಲ್ಕು ಪ್ರಶ್ನೆ ಕೇಳಬೇಕು, ದೊಡ್ಡವರು ಉತ್ತರ ಹೇಳಬೇಕು. ಜಾಗ ಬೇಗ ತುಂಬುತ್ತದೆ, ಒಂದು ತಿಂಗಳು ಮೊದಲೇ ಕೇಳಿ. ಅದಾದ ಏಳು ವಾರಕ್ಕೆ ಶಾವುವೋತ್, ರಾತ್ರಿಯಿಡೀ ಎಚ್ಚರವಿದ್ದು ಓದುವ ಹಬ್ಬ. ನಮ್ಮ ಶಿವರಾತ್ರಿಯ ಜಾಗರಣೆ ಇದ್ದ ಹಾಗೆ, ಆದರೆ ಉಪವಾಸ ಇಲ್ಲ, ಚೀಸ್ ಕೇಕ್ ಇರುತ್ತದೆ. ಅಷ್ಟರಲ್ಲಿ ಕಾಲೇಜು ರಜೆ ಬಂದಿರುತ್ತದೆ, ಊರಿನ ಸಿನಗಾಗ್, ಅಂದರೆ ಅವರ ಪ್ರಾರ್ಥನಾ ಮಂದಿರ, ಹುಡುಕಿಕೊಳ್ಳಬೇಕು.

ಬೇಸಿಗೆಗೆ ಒಂದೇ ಒಂದು ಹೆಸರು ಹೇಳುತ್ತೇನೆ. ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ ಪೂರ್ವ ಯುರೋಪಿನ ಯಹೂದಿಗಳು ಆಡುತ್ತಿದ್ದ ಯಿಡ್ಡಿಷ್ ಭಾಷೆಗಾಗಿ ಯಿಡ್ಡಿಷ್ ಬುಕ್ ಸೆಂಟರ್ ಇದೆ. ಆರನ್ ಲಾನ್ಸ್‌ಕಿ ಎಂಬ ಯುವಕ 1980ರಲ್ಲಿ ಕಟ್ಟಿದ್ದು. ಅಜ್ಜ ಅಜ್ಜಿ ಸತ್ತ ಮೇಲೆ ಓದಲು ಬಾರದ ಮಕ್ಕಳು ಎಸೆಯುತ್ತಿದ್ದ ಯಿಡ್ಡಿಷ್ ಪುಸ್ತಕಗಳನ್ನು ಮನೆ ಮನೆಗೆ ಹೋಗಿ ಎತ್ತಿಕೊಂಡು ಬಂದು, ಹತ್ತು ಲಕ್ಷಕ್ಕೂ ಜಾಸ್ತಿ ಪುಸ್ತಕ ಉಳಿಸಿದರು. ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯಲ್ಲಿ ಏಳು ವಾರ ಯಿಡ್ಡಿಷ್ ಕಲಿಸುತ್ತಾರೆ, ಆಯ್ಕೆಯಾದವರಿಗೆ ಬೋಧನಾ ಶುಲ್ಕ ಇಲ್ಲ. ಭಾಷೆ ಕೈಬಿಟ್ಟು ಹೋಗುವ ಸಂಕಟ ಗೊತ್ತಿರುವ ಕನ್ನಡದವರು ಆ ಕಪಾಟುಗಳ ನಡುವೆ ಒಮ್ಮೆ ನಡೆಯಬೇಕು.

ಮಂಗಳೂರಿನಿಂದ ಹೋದ ಕಾಗದ

ಒಂದು ಪಾಠ ನೀವೇ ಕೇಳಿ ಮಾಡಿಸಿಕೊಳ್ಳಿ. ಹಿಲೆಲ್‌ನ ಅಧ್ಯಾಪಕರಿಗೆ ಗೆನಿಜಾ ಪತ್ರಗಳ ಬಗ್ಗೆ ಒಂದು ಸಂಜೆ ಇಡೋಣ್ವಾ ಅಂತ ಹೇಳಿ.

ದೇವರ ಹೆಸರು ಬರೆದ ಕಾಗದವನ್ನು ಯಹೂದಿಗಳು ಎಸೆಯುವುದಿಲ್ಲ. ಹಾಗೆ ಕೂಡಿಡುವ ಕೋಣೆಯೇ ಗೆನಿಜಾ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನಲ್ಲಿ ನೂರಾರು ವರ್ಷ ಹೀಗೆ ಕಾಗದ ಬಿದ್ದವು, 1896-97ರಲ್ಲಿ ಸೊಲೊಮನ್ ಶೆಕ್ಟರ್ ಎಂಬ ವಿದ್ವಾಂಸ ಅದರಲ್ಲಿ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದ. ಆ ರಾಶಿಯಲ್ಲಿ ನಮ್ಮ ಮಂಗಳೂರು ಇದೆ. ಅಬ್ರಹಾಂ ಬೆನ್ ಯಿಜು ಎಂಬ ಟ್ಯುನೀಶಿಯಾ ಮೂಲದ ಯಹೂದಿ ವ್ಯಾಪಾರಿ 12ನೇ ಶತಮಾನದಲ್ಲಿ ಅಲ್ಲಿ ಸುಮಾರು ಹದಿನೇಳು ವರ್ಷ ಇದ್ದ. ಹಿತ್ತಾಳೆ ಪಾತ್ರೆಯ ಕಾರ್ಖಾನೆ ನಡೆಸಿದ. ಅವನ ಕೆಲಸಕ್ಕೆ ಯೆಮೆನಿನ ಬಂದರು ಏಡನ್ನಿಗೆ ಹೋಗಿ ಬರುತ್ತಿದ್ದ ಆಳಿನ ಹೆಸರು ಬೊಮ್ಮ. 1132ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಪತ್ರದಲ್ಲಿ ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ್ದಾನೆ. ಪತ್ರಗಳ ಭಾಷೆ ಅರಬ್ಬಿ, ಲಿಪಿ ಹೀಬ್ರೂ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆದ ಹಾಗೆ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಗೆನಿಜಾ ಸಂಗ್ರಹದಲ್ಲಿ ಇಂಥ ಪತ್ರಗಳನ್ನು ಉಚಿತವಾಗಿ ಹುಡುಕಬಹುದು.

ನಮ್ಮಲ್ಲಿ ಇಂಥ ಒಂದು ಸಂಜೆ ನಡೆದಾಗ ನಾನು ಮಾಡಬೇಕಾಗಿ ಬಂದದ್ದು ತುಂಬಾ ಚಿಕ್ಕ ಕೆಲಸ. ಪುಟದಲ್ಲಿ ಮೂರು ನಾಲ್ಕು ಹೀಬ್ರೂ ಅಕ್ಷರದಲ್ಲಿ ಬರೆದಿದ್ದ ಆಳಿನ ಹೆಸರನ್ನು ನಮ್ಮೂರಿನಲ್ಲಿ ಹೇಗೆ ಕರೆಯುತ್ತಾರೆ ಅಂತ ಉಚ್ಚರಿಸಿ ತೋರಿಸುವುದು. ಬೊಮ್ಮ ಅಂದೆ. ಹನ್ನೆರಡು ಜನ ಸುತ್ತ ಕೂತು ತಾವೂ ಒಬ್ಬೊಬ್ಬರಾಗಿ ಬೊಮ್ಮ ಅಂದರು.

ಊರಿಗೆ ಬಂದ ಮೇಲೆ

ಡಿಗ್ರಿ ಮುಗಿದರೆ ಪಾಠ ನಿಲ್ಲಬೇಕಿಲ್ಲ. ತಾಲ್ಮುಡ್‌ನ ಪ್ರತಿ ಅಧ್ಯಾಯದ ಕೊನೆಯಲ್ಲಿ 'ಹದ್ರಾನ್ ಅಲಾಖ್' ಅಂತ ಅಚ್ಚಾಗಿರುತ್ತದೆ, ನಿನ್ನ ಹತ್ತಿರ ಮತ್ತೆ ಬರುತ್ತೇವೆ ಅಂತ ಆ ಅಧ್ಯಾಯಕ್ಕೇ ಹೇಳುವ ಮಾತು. ಬಟ್ಟೆಯ ಅಧ್ಯಾಯ ಮುಗಿದ ದಿನ ಲ್ಯಾಬಿನಲ್ಲೇ ಅದನ್ನು ಗಟ್ಟಿಯಾಗಿ ಹೇಳಿ ಬಾಳೆಹಣ್ಣು ಹಂಚಿಕೊಂಡೆವು.

ಈಗ ನಾನು ಮೈಸೂರಿನಲ್ಲಿ, ಅವನು ನ್ಯೂಜೆರ್ಸಿಯಲ್ಲಿ. ಎರಡನೇ ಅಧ್ಯಾಯ ನಡೆಯುತ್ತಿದೆ: ದಾರಿಯಲ್ಲಿ ಬಿದ್ದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಬಹುದು, ಯಾವುದನ್ನು ಊರಿಗೆಲ್ಲ ಸಾರಿ ವಾರಸುದಾರರನ್ನು ಹುಡುಕಬೇಕು. ಭಾನುವಾರ ನಮ್ಮಲ್ಲಿ ಸಂಜೆ 7, ಅವನಿಗೆ ಬೆಳಿಗ್ಗೆ 9.30. ನವೆಂಬರ್ ಶುರುವಿನಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ಹಾಕುತ್ತಾರೆ, ಆಗ ನಮಗೆ ರಾತ್ರಿ 8 ಆಗುತ್ತದೆ. ದೂರದ ಜೊತೆ ಇಟ್ಟುಕೊಂಡವರು ಇದನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ.